‘ಫೈನ್’ ಪದದ ಬೇರು ಎಲ್ಲಿದೆ?

ವಿದ್ಯಾರ್ಥಿ ಗೆಳೆಯರೇ, ಅಧ್ಯಾಪಕ ಮಿತ್ರರೇ,

ಇಂಗ್ಲಿಷಿನ ಒಂದು ಚಿಕ್ಕ ಗುಣವಾಚಕದ ಬಗ್ಗೆ ಮಾತಾಡಲು ಬಂದಿದ್ದೇನೆ. ಆ ಪದ ‘ಫೈನ್’. ನಮ್ಮ ಬಳ್ಳಾರಿಯಲ್ಲಿ ಇಂಗ್ಲಿಷ್ ಓದದವರ ಬಾಯಲ್ಲೂ ಅದು ಇದೆ. ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದವರು ಫೈನ್ ಕಟ್ಟುತ್ತಾರೆ. ಸಂಡೂರು ಕಡೆಯ ಲಾರಿಯವರು ಫೈನ್ಸ್, ಅಂದರೆ ಕಬ್ಬಿಣದ ಅದಿರಿನ ಪುಡಿ, ಲೋಡ್ ಮಾಡಿಕೊಂಡು ಬರುತ್ತಾರೆ. ಹೇಗಿದ್ದೀರಿ ಅಂತ ಕೇಳಿದರೆ ನೀವೆಲ್ಲ ‘ಫೈನ್ ಸರ್’ ಅನ್ನುತ್ತೀರಿ. ನಿಘಂಟಿನಲ್ಲಿ ಈ ಅರ್ಥಗಳು ಒಂದರ ಕೆಳಗೊಂದು ಕೂತಿರುತ್ತವೆ, ನಡುವಿನ ನಂಟು ಕಾಣುವುದಿಲ್ಲ. ಅದಕ್ಕೇ ನಮ್ಮ ಮಕ್ಕಳು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆ ಮುಗಿದ ಮೇಲೆ ಮರೆಯುತ್ತಾರೆ. ಇದನ್ನು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಯಾಕಂದ್ರೆ ಈ ಅರ್ಥಗಳೆಲ್ಲ ಒಂದೇ ಬೇರಿನವು. ಬೇರು ಹಿಡಿದರೆ ಬಾಯಿಪಾಠ ಬೇಕಿಲ್ಲ.

ಬೇರು ಲ್ಯಾಟಿನ್ನಿನ ‘ಫೀನಿಸ್’. ಅಂದರೆ ಕೊನೆ, ಎಲ್ಲೆ. ಫಿನಿಶ್, ಫೈನಲ್, ಇನ್‌ಫಿನಿಟಿ ಎಲ್ಲ ಅಲ್ಲಿಂದಲೇ ಬಂದವು. ಕೊನೆ ಅಂದರೆ ಬರೀ ಮುಗಿಯುವುದಲ್ಲ, ತುತ್ತತುದಿಯೂ ಹೌದು. ಇನ್ನು ಮಾಡುವುದೇನೂ ಉಳಿದಿಲ್ಲ ಅನ್ನುವ ತನಕ ತಿದ್ದಿದ ವಸ್ತುವನ್ನು ಹಳೆಯ ಫ್ರೆಂಚಿನಲ್ಲಿ ‘ಫಿನ್’ ಅಂದರು. ಅಪ್ಪಟ, ಉತ್ತಮ ಅಂತ ಅರ್ಥ. 1066ರಲ್ಲಿ ಫ್ರೆಂಚ್ ಮಾತಾಡುವ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದಗಳು ಅಲ್ಲಿಗೆ ರಾಶಿರಾಶಿಯಾಗಿ ಬಂದವು. 13ನೇ ಶತಮಾನದ ಹೊತ್ತಿಗೆ ಇದೂ ಇಂಗ್ಲಿಷಿಗೆ ಸೇರಿತ್ತು.

ಕನ್ನಡದಲ್ಲೂ ಇಂಥದ್ದೇ ಒಂದು ಬೇರು ಇದೆ: ‘ತೀರು’. ಮುಗಿಯುವುದೇ ತೀರುವುದು. ಜಗಳ ಮುಗಿಸುವುದು ತೀರ್ಪು. ಸಾಲ ತೀರಿಸುತ್ತೇವೆ. ಹಿಂದೆ ಸುಂಕಕ್ಕೆ ತೀರುವೆ ಅನ್ನುತ್ತಿದ್ದರು. ‘ತೀರಾ ಹತ್ತಿರ’ ಅಂದಾಗ ಅದೇ ಬೇರು ತುತ್ತತುದಿಯನ್ನು ತೋರಿಸುತ್ತದೆ. ಕೊನೆ, ಹಣ, ನ್ಯಾಯ, ತುದಿ ಎಲ್ಲ ಒಂದೇ ಮಾತಿನೊಳಗೆ! ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ‘ಫೈನ್’ ದಾರಿ ಸಲೀಸು.

ಪಕ್ಕದ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ ಇದೆ. ಅದಿರನ್ನು ಪುಡಿ ಮಾಡಿ, ಬೇಡದ್ದನ್ನೆಲ್ಲ ತೆಗೆಯುತ್ತಾ ಹೋದರೆ ಕೊನೆಗೆ ಉಳಿಯುವುದು ಚೊಕ್ಕ ಚಿನ್ನ. ಅದೇ ಫೈನ್ ಗೋಲ್ಡ್. ಹೀಗೆ ಚೊಕ್ಕ ಮಾಡುವ ಕೆಲಸವೇ ‘ರಿಫೈನ್’. ಚಿನ್ನ ಎಷ್ಟು ಅಪ್ಪಟ ಅನ್ನುವ ಅಳತೆಗೆ ‘ಫೈನ್‌ನೆಸ್’ ಅನ್ನುತ್ತಾರೆ, ಸಾವಿರಕ್ಕೆ ಇಷ್ಟು ಭಾಗ ಅಂತ. ನಿಮ್ಮ ಮನೆಯ ಒಡವೆ ಮೇಲೆ 916 ಅಂತ ಇದ್ದರೆ ಸಾವಿರದಲ್ಲಿ 916 ಭಾಗ ಚಿನ್ನ, ಮಿಕ್ಕಿದ್ದು ತಾಮ್ರದಂಥ ಬೇರೆ ಲೋಹ. 22 ಕ್ಯಾರೆಟ್ಟನ್ನು 24ರಿಂದ ಭಾಗಿಸಿ ನೋಡಿ, ಇದೇ ಲೆಕ್ಕ ಬರುತ್ತದೆ.

ಈಗ ನಮ್ಮ ಕೆಂಪು ಧೂಳಿಗೆ ಬರೋಣ. ಗಣಿಯಲ್ಲಿ ಕಬ್ಬಿಣದ ಅದಿರನ್ನು ಒಡೆದು ಜರಡಿ ಹಿಡಿಯುತ್ತಾರೆ. ಮೇಲೆ ನಿಲ್ಲುವ ಗಟ್ಟಿಗಳು ಲಂಪ್ಸ್. ಕೆಳಗೆ ಬೀಳುವುದು, ಸಾಮಾನ್ಯವಾಗಿ 10 ಮಿಲಿಮೀಟರ್‌ಗಿಂತ ಸಣ್ಣದು, ಫೈನ್ಸ್. ಇಲ್ಲಿ ಚೊಕ್ಕತನದ ಮಾತಿಲ್ಲ, ಗಾತ್ರದ್ದು ಮಾತ್ರ. ಅರೆದು ಅರೆದು, ನೂತು ನೂತು ತುದಿ ಮುಟ್ಟಿಸಿದ್ದು ಸಣ್ಣದಾಗಿ, ನವಿರಾಗಿ ಇರುತ್ತದಲ್ವಾ? ಹಾಗಾಗಿ ‘ಅಪ್ಪಟ’ ಅನ್ನುವ ಪದ ‘ನುಣುಪು’, ‘ಸಣ್ಣ’ ಅನ್ನುವ ಕಡೆಗೂ ಬೆಳೆಯಿತು. ಸಣ್ಣ ದಾರ, ನುಣ್ಣನೆ ಹಿಟ್ಟು, ಸಿರುಗುಪ್ಪದ ಸಣ್ಣಕ್ಕಿ, ಎಲ್ಲಕ್ಕೂ ಈ ಪದ ಹೊಂದುತ್ತದೆ. ಅಂದ ಹಾಗೆ, ಈ ಫೈನ್ಸನ್ನು ನೇರವಾಗಿ ಕಬ್ಬಿಣ ಕರಗಿಸುವ ಊದುಕುಲುಮೆಗೆ ಸುರಿದರೆ ಸಂದುಗಳೆಲ್ಲ ಮುಚ್ಚಿ ಬಿಸಿಗಾಳಿ ಮೇಲೇರುವುದಿಲ್ಲ. ಅದಕ್ಕೇ ಮೊದಲು ಅದನ್ನು ಉಂಡೆ ಕಟ್ಟಿ ಪೆಲೆಟ್ ಮಾಡುತ್ತಾರೆ, ಇಲ್ಲವೇ ಸುಟ್ಟು ಒಂದಕ್ಕೊಂದು ಅಂಟಿಸಿ ಗಟ್ಟಿ ಮಾಡುತ್ತಾರೆ, ಅದಕ್ಕೆ ಸಿಂಟರ್ ಅನ್ನುತ್ತಾರೆ.

ಇನ್ನು ದಂಡದ ಫೈನ್. ಇದು ನಾಮಪದ, ಆದರೆ ದಾಯಾದಿ. ಹಳೆಯ ಇಂಗ್ಲೆಂಡಿನಲ್ಲಿ ಜಮೀನಿನ ವ್ಯಾಜ್ಯ ಮುಗಿಸುವ ರಾಜಿಗೇ ಫೈನ್ ಅನ್ನುತ್ತಿದ್ದರು, ವ್ಯಾಜ್ಯದ ಕೊನೆ ಅಂತ. 1195ರಿಂದ ಅದನ್ನು ಒಂದೇ ಚರ್ಮದ ಹಾಳೆಯ ಮೇಲೆ ಮೂರು ಸಲ ಬರೆಯುತ್ತಿದ್ದರು. ಮೇಲಿನ ಎರಡು ಪ್ರತಿ ಎರಡು ಕಡೆಯವರಿಗೆ, ಅಡಿಯದ್ದು ನ್ಯಾಯಾಲಯಕ್ಕೆ. ಕತ್ತರಿಸುವಾಗ ನೇರ ಗೆರೆಯಲ್ಲ, ಅಂಕುಡೊಂಕು. ಮುಂದೆ ಯಾರಾದರೂ ಸುಳ್ಳು ಪತ್ರ ತಂದರೆ ಅಂಚು ಕೂಡಿಸಿ ನೋಡಬಹುದಿತ್ತು. ಎಂಥ ಜಾಣತನ! ಹೀಗೆ ವಿಷಯ ಮುಗಿಸಲು ಕೊಡುವ ಹಣಕ್ಕೂ ಫೈನ್ ಅನ್ನುವ ಹೆಸರು ಬಂತು. ಆಮೇಲೆ ತಪ್ಪಿಗೆ ತೆರುವ ದಂಡಕ್ಕೂ ಅದೇ ನಿಂತಿತು. ಫೈನಾನ್ಸ್ ಕೂಡ ಇದೇ ಮನೆಯದು, ಮೊದಲಿಗೆ ಸಾಲ ತೀರಿಸುವುದು ಅಂತಲೇ ಅದರ ಅರ್ಥ.

ಕ್ರಿಕೆಟ್ಟಿನ ಫೈನ್ ಲೆಗ್ ಬೇಗ ಮುಗಿಸುತ್ತೇನೆ. ಬ್ಯಾಟರ್ ಹಿಂದೆ, ವಿಕೆಟ್‌ನಿಂದ ವಿಕೆಟ್‌ಗೆ ಎಳೆದ ಗೆರೆಗೆ ಹತ್ತಿರ, ಸಣ್ಣ ಕೋನದಲ್ಲಿ ನಿಲ್ಲುವ ಫೀಲ್ಡರ್ ಫೈನ್. ಅಡ್ಡಕ್ಕೆ, ಲಂಬಕೋನದಲ್ಲಿ ನಿಂತರೆ ಸ್ಕ್ವೇರ್.

ಕೊನೆಗೆ ನಿಮ್ಮ ‘ಫೈನ್ ಸರ್’. ‘ಉತ್ತಮ’ ಅನ್ನುವ ಅರ್ಥವೇ ಇಲ್ಲಿ ‘ಚೆನ್ನಾಗಿದ್ದೇನೆ’ ಅಂತ ಆಗಿದೆ. ಇದರ ಬಳಕೆ ನಿಮಗೆ ಇಂಟರ್‌ವ್ಯೂನಲ್ಲಿ ನಿಜಕ್ಕೂ ಬೇಕಾಗುತ್ತದೆ. ನಮ್ಮವರು ಎಷ್ಟೋ ಜನ ‘ಐ ಆಮ್ ವೆರಿ ಫೈನ್’ ಅನ್ನುತ್ತಾರೆ. ಕ್ಷೇಮದ ಮಾತಿನಲ್ಲಿ ‘ವೆರಿ’ ಸಾಮಾನ್ಯವಾಗಿ ಸೇರುವುದಿಲ್ಲ. ಸುಮ್ನೆ ‘ಐ ಆಮ್ ಫೈನ್’ ಅನ್ನಿ. ಇನ್ನೂ ಜಾಸ್ತಿ ಹೇಳಬೇಕೆಂದರೆ ‘ವೆರಿ ವೆಲ್’ ಅನ್ನಿ. ಆದರೆ ಹಿಟ್ಟಿಗೆ, ದಾರಕ್ಕೆ, ಒಳ್ಳೆಯ ಕುಸುರಿಗೆ ‘ವೆರಿ ಫೈನ್’ ಪೂರ್ತಿ ಸರಿ. ಇನ್ನೊಂದು ಮಾತು. ಯಾರಾದರೂ ಇನ್ನಷ್ಟು ಟೀ ಹಾಕಲಾ ಅಂತ ಕೇಳಿ, ನೀವು ‘ಐ ಆಮ್ ಫೈನ್’ ಅಂದರೆ ಅವರು ಹಾಕುವುದಿಲ್ಲ. ಅಲ್ಲಿ ಅದರ ಅರ್ಥ ‘ಸಾಕು’. ಟೀ ಬೇಕಿದ್ದರೆ ‘ಯೆಸ್, ಪ್ಲೀಸ್’ ಅಂತ ಬಾಯಿಬಿಟ್ಟು ಹೇಳಿ.

ಡಿಫೈನ್, ಕನ್‌ಫೈನ್ ಅನ್ನುವ ಪದಗಳಲ್ಲಿ ‘ಎಲ್ಲೆ’ ಹೇಗೆ ಕೂತಿದೆ ಅಂತ ನಿಮ್ಮಿಂದಲೇ ಕೇಳುವ ಆಸೆ ನನಗೆ. ಹಿಂದಿನ ಸಾಲಿನವರಿಂದ ಶುರು ಮಾಡೋಣ.