ಕರೆಯದೆ ಹೋಗುವ ಮನೆ

ಎಲ್ಲರಿಗೂ ನಮಸ್ಕಾರ.

ಕಾರ್ಯದರ್ಶಿಗಳು ನನಗೆ ಕೊಟ್ಟ ವಿಷಯ ‘ಹೊಸ ನೆಲ, ಹೊಸ ಬೇರು’. ಎರಡು ತಿಂಗಳ ಹಿಂದೆಯೇ ಕೊಟ್ಟಿದ್ದರು. ನಾನೂ ಶ್ರದ್ಧೆಯಿಂದ ನಾಲ್ಕು ಅಂಶ ಬರೆದುಕೊಂಡು ಬಂದಿದ್ದೇನೆ, ಚೀಟಿ ಇಲ್ಲೇ ಇದೆ. ಆದರೆ ಹೋದ ಭಾನುವಾರ ರಾತ್ರಿ ನಮ್ಮ ಟೊರಾಂಟೊದಲ್ಲಿ ಏನಾಯಿತು ಅಂತ ನಿಮಗೆಲ್ಲ ಗೊತ್ತು. ಮುಂದಿನ ಸಾಲಿನಲ್ಲಿ ಇಬ್ಬರು ಹುಡುಗರು ನಮ್ಮ ಊರಿನ ಐಸ್ ಹಾಕಿ ತಂಡ ಮೇಪಲ್ ಲೀಫ್ಸ್‌ನ, ಅಂದರೆ ಮೇಪಲ್ ಎಲೆಗಳ, ಜೆರ್ಸಿ ಹಾಕಿಕೊಂಡೇ ಬಂದು ಕೂತಿದ್ದಾರೆ. ಅವರ ಮುಖ ನೋಡಿಕೊಂಡು ಬೇರು, ಕಾಂಡ, ಎಲೆ ಅಂತ ಉಪನ್ಯಾಸ ಮಾಡಲು ನನ್ನಿಂದ ಆಗಲಿಲ್ಲ. ಎಲೆ ಉದುರಿದ ವಾರ ಇದು. ಹಾಗಾಗಿ ಇವತ್ತು ಐಸ್ ಹಾಕಿ ಮಾತು. ಕಾರ್ಯದರ್ಶಿಗಳು ಕ್ಷಮಿಸಬೇಕು. ಕ್ಷಮಿಸದಿದ್ದರೂ ಮೈಕು ನನ್ನ ಕೈಯಲ್ಲಿದೆ.

2025ರ ಮೇ 18, ಏಳು ಪಂದ್ಯಗಳ ಸರಣಿಯ ಕೊನೆಯ, ಏಳನೇ ಪಂದ್ಯ, ಎದುರಾಳಿ ಫ್ಲೋರಿಡಾ, ನಮ್ಮದೇ ಸ್ಕೋಷಿಯಾಬ್ಯಾಂಕ್ ಅರೀನಾ. 6-1ರಲ್ಲಿ ಸೋತೆವು. ಮೊದಲ ಎರಡು ಪಂದ್ಯ ಗೆದ್ದು 2-0 ಮುಂದಿದ್ದ ತಂಡ ಇದು. ಐದನೇ ಪಂದ್ಯದಲ್ಲೂ ಮನೆಯಲ್ಲೇ 6-1. ಆರನೆಯದನ್ನು ಅವರ ಊರಿಗೇ ಹೋಗಿ 2-0ರಲ್ಲಿ ಗೆದ್ದರು. ಸುಮ್ನೆ ಸೋತಿದ್ದರೆ ಆಗುತ್ತಿತ್ತು, ನಡುವೆ ಆಸೆ ಹುಟ್ಟಿಸಿದರಲ್ಲ, ಅದಕ್ಕೆ ಜನಕ್ಕೆ ಸಿಟ್ಟು. 2013ರಿಂದ ಲೆಕ್ಕ ಹಾಕಿ. ಬಾಸ್ಟನ್ ಜೊತೆ ನಾಲ್ಕು ಸಲ, ಮಾಂಟ್ರಿಯಲ್, ಟ್ಯಾಂಪಾ, ಈಗ ಫ್ಲೋರಿಡಾ. ಏಳು ಸಲ ಏಳನೇ ಪಂದ್ಯ ಆಡಿದ್ದೇವೆ, ಏಳಕ್ಕೆ ಏಳೂ ಸೋಲು. ನಮ್ಮ ಕಡೆ ಏಳರಾಟದ ಶನಿ ಅನ್ನುತ್ತಾರೆ. ನಮ್ಮದು ಏಳನೇ ಆಟದ ಶನಿ. ಶನಿಯಾದರೂ ಏಳೂವರೆ ವರ್ಷಕ್ಕೆ ಬಿಟ್ಟು ಹೋಗುತ್ತಾನೆ.

ಈಗ ನನ್ನ ಕಥೆ. ಇದನ್ನು ಕೆಲವರು ನಮ್ಮ ಮನೆಯಲ್ಲಿ ಕೇಳಿರಬಹುದು. ಮತ್ತೊಮ್ಮೆ ಕೇಳಿ, ನಷ್ಟವಿಲ್ಲ.

2013ರ ಮೇ 13, ಸೋಮವಾರ. ನಾವು ಈ ದೇಶಕ್ಕೆ ಬಂದು ಎರಡು ವರ್ಷ ಆಗಿತ್ತು. ಹದಿನಾಲ್ಕನೇ ಮಹಡಿಯ ಬಾಡಿಗೆ ಮನೆ. ಎದುರು ಬಾಗಿಲಿನಲ್ಲಿ ಒಬ್ಬರು ಯಜಮಾನರು, ಸಿಟಿ ಬಸ್ ಓಡಿಸುತ್ತಿದ್ದವರು. ಎರಡು ವರ್ಷದಲ್ಲಿ ನಾವು ಆಡಿದ ಮಾತೆಲ್ಲ ಲಿಫ್ಟಿನಲ್ಲಿ. ‘ಚಳಿ ಜಾಸ್ತಿ’, ‘ಹೌದು ಜಾಸ್ತಿ’. ಅಷ್ಟೇ. ಆಗ ತೀರ್ಥಹಳ್ಳಿಯಿಂದ ಅಪ್ಪಯ್ಯ ಬಂದು ನಮ್ಮ ಜೊತೆ ಇದ್ದರು. ಮೇ ತಿಂಗಳಲ್ಲೂ ಪಂಚೆ, ಅದರ ಮೇಲೆ ನನ್ನ ದೊಡ್ಡ ಸ್ವೆಟರು.

ಆ ರಾತ್ರಿ ಎದುರು ಮನೆಯಿಂದ ಒಂದೇ ಸಮನೆ ಕೂಗಾಟ, ಚಪ್ಪಾಳೆ. ನನಗೆ ಆಗ ಹಾಕಿಯ ಗಂಧವಿಲ್ಲ. ನಂತರ ಗೊತ್ತಾಯಿತು, ಬಾಸ್ಟನ್‌ನಲ್ಲಿ ಏಳನೇ ಪಂದ್ಯ, ಮೂರನೇ, ಅಂದರೆ ಕೊನೆಯ ಅವಧಿಯಲ್ಲಿ ನಮ್ಮವರು 4-1 ಮುಂದೆ ಅಂತ. 2004ರ ನಂತರ ಮೊದಲ ಸಲ ಪ್ಲೇಆಫ್‌ಗೆ ಬಂದಿದ್ದರು. ಮುಗಿಯಲು 1 ನಿಮಿಷ 22 ಸೆಕೆಂಡು ಇರುವಾಗ 4-3. ಇನ್ನು 51 ಸೆಕೆಂಡು ಇರುವಾಗ 4-4. ಲೆಕ್ಕ ಮಾಡಿ, 31 ಸೆಕೆಂಡಿನಲ್ಲಿ ಎರಡು ಗೋಲು. ನಾವು ಫೋನ್ ಹುಡುಕಿಕೊಳ್ಳುವಷ್ಟು ಹೊತ್ತು. ಆಮೇಲೆ ಓವರ್‌ಟೈಮ್, 4-4 ಮಾಡಿದ ಬಾಸ್ಟನ್‌ನ ಬರ್ಜರಾನ್ ಅನ್ನುವವನೇ ಮತ್ತೊಂದು ಹೊಡೆದ, ಕಥೆ ಮುಗಿಯಿತು. ಇದೆಲ್ಲ ಆಗ ನನಗೆ ಗೊತ್ತಿಲ್ಲ. ನಮಗೆ ಕೇಳಿಸಿದ್ದು ಇಷ್ಟು: ಕೂಗಾಟ ನಿಂತಿತು. ಏನೋ ಧಡ್ ಅಂತ ಬಿತ್ತು. ಒಂದು ಸಲ ‘ಅಯ್ಯೋ’ ಅನ್ನುವಂಥ ದನಿ. ಆಮೇಲೆ ಪೂರ್ತಿ ಮೌನ.

ಅಪ್ಪಯ್ಯ ಊಟದ ತಟ್ಟೆ ಮುಂದೆ ತಲೆ ಎತ್ತಿದರು. “ಎದುರು ಮನೇಲಿ ಯಾರೋ ಹೋದ್ರು ಕಾಣತ್ತೆ ಮಾರಾಯ” ಅಂದರು. ನಾನು, “ಇಲ್ಲಿ ಹಾಗೆಲ್ಲ ಹೋಗಬಾರದು ಅಪ್ಪಯ್ಯ, ಫೋನ್ ಮಾಡಿ ಕೇಳಿಕೊಂಡು ಹೋಗಬೇಕು” ಅಂದೆ. ಅವರು ನನ್ನನ್ನು ಒಂದು ಥರ ನೋಡಿದರು. “ಮದುವೆ ಮನೆಗೆ ಕರೆದ್ರೆ ಹೋಗಬೇಕು. ಸಾವಿನ ಮನೆಗೆ ಕರೆಯೋದು ಯಾರು?” ಅಂತ ಕೈ ತೊಳೆದು ಎದ್ದೇಬಿಟ್ಟರು.

ನಾನು ಅಂಗಿ ಹುಡುಕಿ ಹಾಕಿಕೊಂಡು ಹೊರಗೆ ಬರುವಷ್ಟರಲ್ಲಿ ಅವರು ಬಾಗಿಲು ತಟ್ಟಿ ಆಗಿತ್ತು. ಯಜಮಾನರು ತೆರೆದರು. ನೀಲಿ ಜೆರ್ಸಿ, ಕೆಂಪು ಕಣ್ಣು. ಎದುರಿಗೆ ಪಂಚೆಯುಟ್ಟ ಮುದುಕ. ಅಪ್ಪಯ್ಯ ಏನೂ ಮಾತಾಡಲಿಲ್ಲ. ಅವರ ಭುಜ ಮುಟ್ಟಿ, ಒಳಗೆ ಹೋಗಿ ಸೋಫಾದ ತುದಿಯಲ್ಲಿ ಕೂತರು. ನೆಲ ನೋಡುತ್ತಾ ಹತ್ತು ನಿಮಿಷ. ಯಜಮಾನರೂ ಕೂತರು. ಅವರೂ ನೆಲ ನೋಡಿದರು. ನಾನು ಬಾಗಿಲಲ್ಲೇ ನಿಂತಿದ್ದೆ. ಟಿವಿಯಲ್ಲಿ ಬಾಸ್ಟನ್‌ನವರು ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ಧಡ್ ಅಂದದ್ದು ಕುರ್ಚಿ. ಆಗ ನನಗೆ ವಿಷಯ ಅರ್ಥವಾಯಿತು, ಆದರೆ ಹೇಳುವ ಧೈರ್ಯ ಬರಲಿಲ್ಲ. ಆಮೇಲೆ ಅಪ್ಪಯ್ಯ ಎದ್ದು ಕೈಮುಗಿದು ಬಂದರು. ಮನೆಗೆ ಬಂದವರು ಚಪ್ಪಲಿ ಹೊರಗೇ ಬಿಟ್ಟು ಕೇಳಿದ ಮೊದಲ ಪ್ರಶ್ನೆ: “ಬಿಸಿನೀರು ಇದೆಯಾ? ಸ್ನಾನ ಮಾಡಬೇಕು.”

“ಯಾರೂ ಸತ್ತಿಲ್ಲ ಅಪ್ಪಯ್ಯ, ಹಾಕಿ ಸೋತಿದ್ದಾರೆ” ಅಂದೆ. ಅವರು ಸ್ವಲ್ಪ ಯೋಚಿಸಿ, “ಹೋಗ್ಲಿ, ಬಂದಾಯ್ತಲ್ಲ. ಸ್ನಾನ ಮಾಡೇ ಬಿಡ್ತೀನಿ” ಅಂದರು.

ಮಾರನೇ ದಿನ ಬೆಳಗ್ಗೆ ಯಜಮಾನರು ಡೋನಟ್ ಡಬ್ಬಿ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು. ಅವರೂ ಕರೆಯದೆ ಬಂದರು ನೋಡಿ. “ನಿಮ್ಮ ತಂದೆಯವರೂ ಲೀಫ್ಸ್ ಕಡೆಯವರಾ?” ಅಂತ ಕೇಳಿದರು. ನಾನು ಹೌದು ಅಂದೆ. ಸುಳ್ಳು ಹೇಳಿದೆ. ಆದರೆ ಆ ಸುಳ್ಳನ್ನು ಹನ್ನೆರಡು ವರ್ಷದಿಂದ ನಿಜ ಮಾಡಿಕೊಂಡು ಬರುತ್ತಿದ್ದೇನೆ.

ನನ್ನ ವಾದ ಇಷ್ಟೇ. ಒಂದು ಊರು ನಮ್ಮದಾಗುವುದು ಅದು ಗೆದ್ದಾಗ ಅಲ್ಲ. 2019ರಲ್ಲಿ ಬ್ಯಾಸ್ಕೆಟ್‌ಬಾಲ್‌ನಲ್ಲಿ ರ‍್ಯಾಪ್ಟರ್ಸ್ ಗೆದ್ದರು. ಮೆರವಣಿಗೆಗೆ ಲಕ್ಷಾಂತರ ಜನ. ನಾನೂ ಹೋಗಿದ್ದೆ. ನನ್ನ ಪಾಲಿಗೆ ಅದರಲ್ಲಿ ಉಳಿದದ್ದು ಏನು? ಒಂದು ಚಪ್ಪಲಿ ಕಳೆದುಕೊಂಡೆ. ಅದು ಮದುವೆ ಮನೆ. ಊಟ ಮಾಡಿದೆವು, ಬಂದೆವು. ಲೀಫ್ಸ್ ಸೋತ ಮಾರನೇ ದಿನ ಲಿಫ್ಟಿನಲ್ಲಿ ನಿಂತು ನೋಡಿ. ವರ್ಷಪೂರ್ತಿ ಫೋನ್ ನೋಡುತ್ತಾ ನಿಲ್ಲುವ ಜನ ಅವತ್ತು ಮಾತ್ರ ತಲೆ ಎತ್ತುತ್ತಾರೆ. ಗುರುತು ಪರಿಚಯ ಇಲ್ಲದವರು ‘ನೋಡಿದಿರಾ?’ ಅನ್ನುತ್ತಾರೆ. ಕರೆಯದೆ ಹೋಗುವ ಮನೆ ಅದು.

ಸಾವಿನ ಮನೆ ಅಂದೆನಲ್ಲ, ಸಾವಿನ ಮನೆಯಲ್ಲಿ ಯಾರ್ಯಾರು ಇರುತ್ತಾರೋ ಅವರೆಲ್ಲ ಇಲ್ಲೂ ಇದ್ದಾರೆ. ಎದೆ ಬಡಿದುಕೊಂಡು ಅಳುವವರು ಇದ್ದಾರೆ. ‘ನಾನು ಮೊದಲೇ ಹೇಳಿದ್ದೆ, ಕೇಳಲಿಲ್ಲ’ ಅನ್ನುವ ಚಿಕ್ಕಪ್ಪ ಒಬ್ಬ ಇರಲೇಬೇಕು. ಮಣ್ಣು ಮಾಡಿ ಬರುವ ಮೊದಲೇ ಆಸ್ತಿ ಭಾಗದ ಮಾತು ತೆಗೆಯುವವರಂತೂ ಎಲ್ಲ ಕಡೆ. ಭಾನುವಾರ ಹತ್ತೂವರೆಗೆ ಪಂದ್ಯ ಮುಗಿಯಿತೋ ಇಲ್ಲವೋ, ನನ್ನ ಮಗಳು ಲೆಕ್ಕ ಶುರು ಮಾಡಿದಳು. 2024-25ರಲ್ಲಿ ತಂಡಕ್ಕೆ ಸಂಬಳದ ಮಿತಿ 88 ಮಿಲಿಯನ್ ಡಾಲರ್ ಇತ್ತು. ಅದರಲ್ಲಿ ಮ್ಯಾಥ್ಯೂಸ್, ನೀಲ್ಯಾಂಡರ್, ಟವಾರೆಸ್, ಮಾರ್ನರ್ ಈ ನಾಲ್ಕೇ ಆಟಗಾರರಿಗೆ 46ಕ್ಕೂ ಜಾಸ್ತಿ. ಉಳಿದ ಇಡೀ ತಂಡಕ್ಕೆ ಇನ್ನರ್ಧ. ಮಾರ್ನರ್ ಒಪ್ಪಂದ 2025ರ ಜುಲೈಗೆ ಮುಗಿಯುವುದಿತ್ತು, ಅವನನ್ನು ಕಳಿಸಬೇಕು ಅನ್ನುವುದು ಅವಳ ತೀರ್ಪು. ಮೊನ್ನೆ ಗುರುವಾರ ತಂಡದ ಅಧ್ಯಕ್ಷ ಶಾನಹಾನ್ ಅವರನ್ನೂ ಕಳಿಸಿಬಿಟ್ಟರು, ಹನ್ನೊಂದು ವರ್ಷ ಇದ್ದವರು. ಸೂತಕ ಕಳೆಯುವ ತನಕವೂ ಕಾಯಲಿಲ್ಲ.

ಇನ್ನು ಜೆರ್ಸಿ ಎಸೆದವರ ವಿಷಯ. ಐಸ್ ಮೇಲೆ ನೀಲಿ ಅಂಗಿಗಳು ಬಂದು ಬಿದ್ದದ್ದನ್ನು ಟಿವಿಯಲ್ಲಿ ನೀವೂ ನೋಡಿದಿರಿ. ಪತ್ರಿಕೆಗಳು ಬೈದವು. ನಮ್ಮಲ್ಲೂ ಕೆಲವರು ‘ಇದೇನು ಸಂಸ್ಕಾರ’ ಅಂದರು. ನನಗೆ ಅವರ ಮೇಲೆ ಸಿಟ್ಟಿಲ್ಲ. ಇನ್ನೂರು ಡಾಲರಿನ ಅಂಗಿ ಬಿಚ್ಚಿ ಎಸೆದು ಬನಿಯನ್‌ನಲ್ಲಿ ಮನೆಗೆ ಹೋದವನು ಅಕ್ಟೋಬರ್‌ನಲ್ಲಿ ಇನ್ನೊಂದು ಕೊಳ್ಳುತ್ತಾನೆ. ಹೆಣದ ಮುಂದೆ ಕೂತು ‘ಪಾಪಿ, ನನ್ನ ಬಿಟ್ಟು ಹೋದ್ಯಲ್ಲೋ’ ಅಂತ ಬೈಯುವ ಅಜ್ಜಿಯಂದಿರನ್ನು ನೋಡಿಲ್ವಾ ನಾವು? ನನಗೆ ಸಿಟ್ಟು ಇರುವುದು ಮೂರನೇ ಅವಧಿ ಅರ್ಧ ಆಗುವ ಮೊದಲೇ ಎದ್ದು ಹೋದವರ ಮೇಲೆ. ಕೆಳಗಿನ ಸಾಲಿನ ದುಬಾರಿ ಸೀಟುಗಳಲ್ಲಿ ಕೂತವರು. ಕಾರು ತೆಗೆಯಲು ತೊಂದರೆ ಆಗಬಾರದು ಅಂತ! ಹೆಣ ಎತ್ತುವ ಮೊದಲೇ ಎದ್ದು ಹೋಗುವವರಿಗೆ ನಮ್ಮೂರಲ್ಲಿ ಏನನ್ನುತ್ತಾರೆ ಅಂತ ಮಕ್ಕಳಿರುವ ಸಭೆಯಲ್ಲಿ ಹೇಳುವುದಿಲ್ಲ.

ಈ ತಂಡದ ಚರಿತ್ರೆಯಲ್ಲೇ ಒಂದು ನಿಜವಾದ ಸಾವು ಇದೆ. ಬಿಲ್ ಬ್ಯಾರಿಲ್ಕೊ. 1951ರ ಏಪ್ರಿಲ್‌ನಲ್ಲಿ ಓವರ್‌ಟೈಮ್‌ನಲ್ಲಿ ಗೋಲು ಹೊಡೆದು ಸ್ಟ್ಯಾನ್ಲಿ ಕಪ್ ಗೆಲ್ಲಿಸಿದ ಹುಡುಗ. ಆಗಸ್ಟ್‌ನಲ್ಲಿ ಮೀನು ಹಿಡಿಯಲು ಸಣ್ಣ ವಿಮಾನದಲ್ಲಿ ಉತ್ತರಕ್ಕೆ ಹೋದವನು ವಾಪಸ್ ಬರಲಿಲ್ಲ. 24 ವರ್ಷ. ಹುಡುಕಿದರು, ಸಿಗಲಿಲ್ಲ. ಹನ್ನೊಂದು ವರ್ಷ ದೇಹವೂ ಸಿಗಲಿಲ್ಲ, ಕಪ್ಪೂ ಸಿಗಲಿಲ್ಲ. 1962ರ ಏಪ್ರಿಲ್‌ನಲ್ಲಿ ಕಪ್ ಬಂತು. ಜೂನ್‌ನಲ್ಲಿ ಕಾಡಿನಲ್ಲಿ ವಿಮಾನ ಸಿಕ್ಕಿತು. ನಮಗೆ ಕೊನೆಯ ಸಲ ಕಪ್ ಬಂದದ್ದು 1967ರಲ್ಲಿ. ಇದನ್ನೆಲ್ಲ ಅಪ್ಪಯ್ಯನಿಗೆ ಹೇಳಿದಾಗ, “ಹಾಗಾದ್ರೆ 67ರ ಮೇಲೆ ಯಾರು ಕಳೆದುಹೋಗಿದ್ದಾರೆ, ಮೊದಲು ಅದನ್ನ ಹುಡುಕಿ” ಅಂದರು.

ಹುಡುಕಿದರೆ ಸಿಗುವುದು ತಮಾಷೆಗಳೇ. 2020ರ ಫೆಬ್ರವರಿ ನೆನಪಿದೆಯಾ? ನಮ್ಮ ಎದುರಾಳಿ ಕ್ಯಾರೊಲಿನಾದ ಇಬ್ಬರೂ ಗೋಲ್‌ಕೀಪರ್‌ಗಳು ಗಾಯಗೊಂಡರು. ತುರ್ತಿಗೆ ಅಂತ ಕೂರಿಸಿದ್ದ 42 ವರ್ಷದ ಡೇವಿಡ್ ಏಯರ್ಸ್ ಇಳಿದರು. ಅವರು ಐಸ್ ಸವರುವ ಜಾಂಬೋನಿ ಗಾಡಿ ಓಡಿಸುತ್ತಿದ್ದವರು, ಅದೂ ಟೊರಾಂಟೊದಲ್ಲೇ. ನಮ್ಮವರು ಮೊದಲ ಎರಡು ಹೊಡೆತ ಗೋಲು ಮಾಡಿದರು. ಆಮೇಲೆ ಒಂದೂ ಒಳಗೆ ಹೋಗಲಿಲ್ಲ. 6-3ರಲ್ಲಿ ಸೋತೆವು. ನಗಬೇಡಿ, ಮುಂದಿನ ಸಾಲಿನ ಹುಡುಗರಿಗೆ ಬೇಜಾರಾಗುತ್ತದೆ. ಅಯ್ಯೋ, ಅವರೇ ಜಾಸ್ತಿ ನಗುತ್ತಿದ್ದಾರೆ.

ಹಿಂದೆ ನಮ್ಮ ಕೊಡಗಿನ ಸ್ನೇಹಿತರು ಕೈ ಎತ್ತುತ್ತಿದ್ದಾರೆ. ಗೊತ್ತು, ಹಾಕಿ ಅಂದರೆ ನಿಮ್ಮದು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೊಡವ ಹಾಕಿ ಹಬ್ಬ. ಮನೆತನಕ್ಕೊಂದು ತಂಡ, ನೂರಾರು ಮನೆತನ. ಒಂದು ಮನೆ ಗೆಲ್ಲುತ್ತದೆ, ಉಳಿದವರೆಲ್ಲ ಸೋಲುತ್ತಾರೆ, ಮುಂದಿನ ವರ್ಷ ಮತ್ತೆ ಬರುತ್ತಾರೆ. ಇದರ ಬಗ್ಗೆ ಇನ್ನೂ ಹೇಳುವುದಿತ್ತು. ಆದರೆ ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ. ಹಿಂದಿನ ಬಾಗಿಲಿನಿಂದ ಬಿಸಿಬೇಳೆಬಾತಿನ ವಾಸನೆಯೂ ಬಂತು. ಇವೆರಡರ ಎದುರು ಯಾವ ಭಾಷಣಕಾರನೂ ನಿಲ್ಲಲಾರ.

ಚೀಟಿಯಲ್ಲಿದ್ದ ನಾಲ್ಕು ಅಂಶಗಳಲ್ಲಿ ಒಂದನ್ನು ಹೇಗೋ ಮುಟ್ಟಿದೆ. ಎರಡನೆಯದು ಪಂಜಾಬಿಯಲ್ಲಿ ಬರುವ ಹಾಕಿ ಕಾಮೆಂಟರಿ. ಅದು ಇಲ್ಲಿನ ಎಷ್ಟೋ ಅಜ್ಜಂದಿರನ್ನು ಹಾಕಿಗೆ ತಂದಿತು, ಕನ್ನಡದಲ್ಲಿ ಯಾಕೆ ಬೇಡ ಅಂತ ಕೇಳುವುದಿತ್ತು. ಯುವಕರು ಯಾರಾದರೂ ಯೋಚಿಸಿ. ಮೂರನೆಯದು ಬಿಟ್ಟೆ. ನಾಲ್ಕನೆಯದು ಆರ್‌ಸಿಬಿ.

ಭಾನುವಾರ ಒಂದೇ ದಿನ ಎರಡೂ ಆಯಿತು. ಮಧ್ಯಾಹ್ನ ದೆಹಲಿಯನ್ನು ಗುಜರಾತ್ ಸೋಲಿಸಿತು, ಅದರಿಂದ ನಮ್ಮ ಆರ್‌ಸಿಬಿ ಆಡದೆಯೇ ಪ್ಲೇಆಫ್‌ಗೆ ಹೋಯಿತು. ಸಂಜೆ ಲೀಫ್ಸ್ ಮನೆಗೆ ಬಂದರು. ಬಸ್ಸಿನ ಯಜಮಾನರಿಗೆ ಈಗ ಎಪ್ಪತ್ತು. 67ರಲ್ಲಿ ಕಪ್ ಬಂದಾಗ ಹನ್ನೆರಡು ವರ್ಷದ ಹುಡುಗ. ನಾವು ಆ ಅಪಾರ್ಟ್‌ಮೆಂಟ್ ಬಿಟ್ಟು ಎಷ್ಟೋ ವರ್ಷವಾಯಿತು, ಆದರೆ ಸೋತ ಮಾರನೇ ದಿನ ಅವರ ಮನೆಗೆ ಹೋಗಿ ಕೂರುವ ಪದ್ಧತಿ ಬಿಟ್ಟಿಲ್ಲ. ಸೋಮವಾರ ಹೋಗಿದ್ದೆ. ಸ್ವಲ್ಪ ಹೊತ್ತು ಇಬ್ಬರೂ ನೆಲ ನೋಡಿದೆವು. ಆಮೇಲೆ ಅವರ ಮನಸ್ಸು ಬೇರೆ ಕಡೆ ಹೋಗಲಿ ಅಂತ ಆರ್‌ಸಿಬಿ ಕಥೆ ಹೇಳಿದೆ. 2009, 2011, 2016, ಮೂರು ಫೈನಲ್, ಮೂರೂ ಸೋಲು, 2024ರ ತನಕ ಹದಿನೇಳು ವರ್ಷದಲ್ಲಿ ಒಂದು ಕಪ್ ಇಲ್ಲ, ಆದರೂ ಪ್ರತಿ ವರ್ಷ ‘ಈ ಸಲ ಕಪ್ ನಮ್ದೇ’ ಅನ್ನುತ್ತೇವೆ ಅಂದೆ. ಅವರು ಆ ಸಾಲನ್ನು ನನ್ನ ಹತ್ತಿರ ಮೂರು ಸಲ ಹೇಳಿಸಿಕೊಂಡರು. ‘ನಮ್ದೇ’ ಅವರ ಬಾಯಲ್ಲಿ ‘ನಮ್‌ಡೇ’ ಆಗುತ್ತದೆ.

ನಿನ್ನೆ ಲಖನೌದಲ್ಲಿ ಹೈದರಾಬಾದ್ ಕೈಲಿ 42 ರನ್ನಿನಿಂದ ಸೋತೆವಲ್ಲ, ರಾತ್ರಿ ಅವರದೇ ಫೋನ್. ಹುಡುಕಿ ನೋಡಿದ್ದಾರೆ ಮಾರಾಯರು. “ಮುಂದಿನದು ಮಂಗಳವಾರ ಬೆಳಗ್ಗೆ ಹತ್ತಕ್ಕೆ, ಅಲ್ವಾ? ನಾನು ಬರ್ತೀನಿ” ಅಂದರು. ನಾನು ಕರೆದಿರಲಿಲ್ಲ. ಬರುವವರು ಯಾರಾದರೂ ಇದ್ದರೆ ಬನ್ನಿ. ಕುರ್ಚಿ ಮಾತ್ರ ಕಡಿಮೆ ಇದೆ, ಮಡಚುವ ಕುರ್ಚಿ ಇದ್ದವರು ತನ್ನಿ.