ಏಳನೇ ತರಗತಿಯಲ್ಲಿ ಶೇಕಡಾ ಪಾಠ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಹಾಸನದಲ್ಲಿ ಬಿ.ಎಡ್. ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ಶಾಲಾ ಇಂಟರ್ನ್‌ಶಿಪ್‌ಗೆ ನನ್ನನ್ನು ಹಾಕಿದ್ದು ಸಕಲೇಶಪುರ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ. ಸುತ್ತಲೂ ಕಾಫಿ ತೋಟ. ಆರು ಮತ್ತು ಏಳನೇ ತರಗತಿಗೆ ಗಣಿತ, ವಿಜ್ಞಾನ ನನ್ನ ಪಾಲಿಗೆ ಬಂತು.

ಬಿ.ಎಡ್. ಮೊದಲು ಒಂದೇ ವರ್ಷದ ಕೋರ್ಸ್ ಆಗಿತ್ತು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮಾವಳಿ ಬಂದ ಮೇಲೆ ಎರಡು ವರ್ಷವಾಯಿತು. ಅದರಲ್ಲಿ 20 ವಾರ ಶಾಲೆಗೆ ಮೀಸಲು: ಮೊದಲ ವರ್ಷ 4, ಎರಡನೇ ವರ್ಷ 16. ಇಷ್ಟೊಂದು ವಾರ ಯಾಕೆ, ಪಾಠ ಯೋಜನೆ ಬರೆದು ಲೆಕ್ಕಕ್ಕೆ ತಕ್ಕಷ್ಟು ಪಾಠ ಮಾಡಿ ಬಂದರೆ ಸಾಲದೇ ಎಂದು ಕೇಳುವವರಿದ್ದಾರೆ. ಖಂಡಿತ ಸಾಲದು. ಮಕ್ಕಳು ಯಾರೆಂದು ಗೊತ್ತಾಗುವುದಕ್ಕೇ ವಾರಗಳು ಬೇಕು.

ನನ್ನ ಮಾರ್ಗದರ್ಶಿ ಮೇಷ್ಟ್ರು ಮೊದಲ ದಿನವೇ ಹೇಳಿದರು, "ಈಗಲೇ ಚಾಕ್‌ಪೀಸ್ ಹಿಡೀಬೇಡಿ. ಹಿಂದಿನ ಬೆಂಚಲ್ಲಿ ಕೂತು ನೋಡಿ." ಹಿಂದಿನಿಂದ ನೋಡಿದರೆ ತರಗತಿಯೇ ಬೇರೆ. ಹಲಗೆ ಮೇಲಿದ್ದದ್ದನ್ನು ಮುತ್ತಿನಂಥ ಅಕ್ಷರದಲ್ಲಿ ಇಳಿಸಿಕೊಳ್ಳುವ ಹುಡುಗಿಗೆ ಅದರಲ್ಲಿ ಏನೂ ಅರ್ಥವಾಗಿರುವುದಿಲ್ಲ. ಪ್ರಶ್ನೆ ಬಂತೆಂದರೆ ಒಬ್ಬ ಹುಡುಗ ರಬ್ಬರ್ ಬಿತ್ತು ಅಂತ ಬೆಂಚಿನ ಕೆಳಗೆ ಬಗ್ಗಿಬಿಡುತ್ತಾನೆ. ಅದೇ ಹುಡುಗ ಬಿಸಿಯೂಟದ ಹೊತ್ತಿಗೆ ಸಾರಿನ ಬಕೆಟ್ ಹಿಡಿದು ಸಾಲಿನ ಉದ್ದಕ್ಕೂ ಓಡಾಡುತ್ತ, ಯಾರಿಗೆ ಎಷ್ಟು ಬೇಕೆಂದು ಕೇಳದೆಯೇ ಬಡಿಸುತ್ತಾನೆ. ಸಹಪಾಠಿಗಳನ್ನೇ ಮಕ್ಕಳೆಂದುಕೊಂಡು ಕೆಲವೇ ನಿಮಿಷ ಪಾಠ ಮಾಡುವ ಸೂಕ್ಷ್ಮ ಬೋಧನೆ ಎಂಬ ಅಭ್ಯಾಸ ಕಾಲೇಜಿನಲ್ಲಿದೆ. ಪ್ರಶಿಕ್ಷಣಾರ್ಥಿಗೆ ಇದನ್ನು ಅಂಥ ಯಾವ ಅಭ್ಯಾಸವೂ ತೋರಿಸಿಕೊಡದು.

ಏಳನೇ ತರಗತಿಗೆ ನಾನು ಶೇಕಡಾ ಪಾಠ ಶುರು ಮಾಡಿದ್ದು ಕಾಫಿ ಕುಯ್ಲಿನ ಕಾಲದಲ್ಲಿ. ನೂರಕ್ಕೆ ಇಷ್ಟು ಅಂದರೇನು ಎಂದು ಕೇಳಿದೆ. ಯಾರೂ ಬಾಯಿ ಬಿಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಸಾರು ಬಡಿಸುವ ಆ ಹುಡುಗ ನಿಧಾನವಾಗಿ ಎದ್ದು ನಿಂತ. "ಮಿಸ್, ಅದು ಓಟಿ ಇದ್ದ ಹಾಗಾ?"

ಬಯಲುಸೀಮೆಯ ಕೇಳುಗರಿಗಾಗಿ ಹೇಳುತ್ತೇನೆ. ಕಾಫಿ ಹಣ್ಣನ್ನು ಕಣದಲ್ಲಿ ಹಾಗೇ ಒಣಗಿಸಿದರೆ ಅದು ಚೆರಿ. ಚೆರಿಯ ಚೀಲ ಅಂದರೆ 50 ಕೆ.ಜಿ. ಅಷ್ಟನ್ನು ಹಲ್ಲಿಂಗ್ ಮಾಡಿಸಿ ಸಿಪ್ಪೆ ತೆಗೆದರೆ ಎಷ್ಟು ಕೆ.ಜಿ. ಬೀಜ ಸಿಗುತ್ತದೋ ಅದೇ ಔಟ್‌ಟರ್ನ್, ತೋಟದವರ ಬಾಯಲ್ಲಿ ಓಟಿ. 26 ಕೆ.ಜಿ. ಬಂದರೆ ಓಟಿ 26. ವ್ಯಾಪಾರಿ ಸ್ಯಾಂಪಲ್ ತೆಗೆದು ಓಟಿ ನೋಡಿಯೇ ದರ ಕಟ್ಟುವುದು.

ಆ ಹುಡುಗನನ್ನು ಹಲಗೆಗೆ ಕರೆದೆ. 50ಕ್ಕೆ 26 ಅಂತ ಬರೆದ. "ಒಂದು ಚೀಲದ ಬದಲು ಎರಡು ಚೀಲ ಇದ್ದರೆ?" ಅಂದೆ. "ನೂರು ಕೆ.ಜಿ.ಗೆ 52" ಅಂತ ಹಿಂದಿನಿಂದ ಇನ್ನೊಂದು ದನಿ. ಶೇಕಡಾ 52! ಮುಂದಕ್ಕೆ ನಾನು ಹೇಳಿಕೊಡುವುದು ಹೆಚ್ಚೇನೂ ಉಳಿಯಲಿಲ್ಲ. ಓಟಿ 28 ಆದರೆ ಶೇಕಡಾ 56 ಎಂದು ಅವರೇ ಲೆಕ್ಕ ಹಾಕಿದರು. ಒಬ್ಬಳು ಎದ್ದು, "ಹಾಗಾದ್ರೆ 26ರ ಓಟಿಗೆ ಶೇಕಡಾ 48 ಬರೀ ಸಿಪ್ಪೆನಾ ಮಿಸ್?" ಎಂದು ಕೇಳಿದಳು. ಅವಳ ದನಿಯಲ್ಲಿ ಬೇಸರವಿತ್ತು. ಅಷ್ಟು ಹಣ್ಣು ಬಿಡಿಸಿದ ಕೈ ಅವಳಮ್ಮನದು. ಶೇಕಡಾ ಎನ್ನುವುದು ಅವಳ ಮನೆಯ ಲೆಕ್ಕವೇ ಎಂದು ಅವಳಿಗೆ ಆಗ ಹೊಳೆದಿರಬೇಕು. ನನಗಂತೂ ಎದೆ ತುಂಬಿ ಬಂತು.

ಕುಯ್ಲಿನ ಕಾಲದಲ್ಲಿ ಹಾಜರಿ ಪುಸ್ತಕ ನೋಡಬೇಕು ನೀವು. ತಾಯಿ ತೋಟಕ್ಕೆ ಹೋದರೆ ಲೈನ್ ಮನೆಯಲ್ಲಿ, ಅಂದರೆ ತೋಟದ ಕಾರ್ಮಿಕರ ಸಾಲು ಮನೆಯಲ್ಲಿ, ಚಿಕ್ಕ ಮಗುವನ್ನು ನೋಡಿಕೊಳ್ಳಲು ಅಕ್ಕ ಉಳಿಯುತ್ತಾಳೆ. ಆ ಅಕ್ಕ ಆರನೇ ತರಗತಿಯವಳು. ಹೊರ ರಾಜ್ಯಗಳಿಂದ ಕೆಲಸಕ್ಕೆ ಬಂದ ಮನೆಯ ಮಕ್ಕಳೂ ಸೇರಿಕೊಳ್ಳುತ್ತಾರೆ. ಅಸ್ಸಾಮಿನಿಂದ ಬಂದ ಒಬ್ಬಳ ಕೈಯಲ್ಲಿ ಟಿ.ಸಿ. ಇರಲಿಲ್ಲ. ಮುಖ್ಯ ಶಿಕ್ಷಕರು ಅವಳನ್ನು ಆ ದಿನವೇ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡರು. ವರ್ಗಾವಣೆ ಪತ್ರ ತಡವಾಯಿತೆಂದು ದಾಖಲಾತಿ ತಡೆಯುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಈ ಕಾಯ್ದೆಯನ್ನು ನಾನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಅದು ಒಂದು ಮಗುವಿಗೆ ಬಾಗಿಲು ತೆರೆಯುವುದನ್ನು ಕಣ್ಣಾರೆ ಕಂಡದ್ದು ಆ ಆಫೀಸ್ ರೂಮಿನಲ್ಲಿ. ಕನ್ನಡ ಬಾರದ ಆ ಹುಡುಗಿಯನ್ನು ಮಾತುಗಾತಿಯೊಬ್ಬಳ ಪಕ್ಕ ಕೂರಿಸಿದೆವು. ಗುಣಾಕಾರದಲ್ಲಿ ಅವಳೇ ಮುಂದಿದ್ದಳು, ಹಾಗಾಗಿ ಪಾಠ ಎರಡೂ ಕಡೆಯಿಂದ ನಡೆಯಿತು.

ಒಂದು ವಿಷಯದಲ್ಲಿ ನನಗೆ ನೋವಿದೆ. ಶಿಕ್ಷಕರು ಕಡಿಮೆ ಇರುವ ಶಾಲೆಗೆ ಹೋದ ನನ್ನ ಗೆಳತಿಗೆ ಕಾಲಿಟ್ಟ ದಿನವೇ ಎರಡು ತರಗತಿ ಒಪ್ಪಿಸಿದರು. ನೋಡಲು, ಕೇಳಲು ಅವಳಿಗೆ ಹೊತ್ತೇ ಸಿಗಲಿಲ್ಲ. ಖಾಲಿ ಹುದ್ದೆಯ ಕಷ್ಟ ನನಗೂ ಅರ್ಥವಾಗುತ್ತದೆ. ಆದರೆ ಆ ಜಾಗ ತುಂಬುವುದಕ್ಕೆ ಪ್ರಶಿಕ್ಷಣಾರ್ಥಿಯನ್ನು ಬಳಸಿದರೆ ಕಲಿಯಲು ಬಂದವಳಿಗೂ ನಷ್ಟ, ಮಕ್ಕಳಿಗೂ ನಷ್ಟ. ಮೊದಲ ಒಂದೆರಡು ವಾರ ಅವಲೋಕನಕ್ಕೇ ಬಿಟ್ಟುಕೊಡಿ ಎಂದು ಶಾಲೆಗಳನ್ನೂ ಕಾಲೇಜುಗಳನ್ನೂ ಕೈಮುಗಿದು ಕೇಳುತ್ತೇನೆ.

ಮುಂದಿನ ತಂಡದಲ್ಲಿ ಸಕಲೇಶಪುರ, ಆಲೂರು, ಮೂಡಿಗೆರೆ ಕಡೆ ಹೊರಡುವ ಗೆಳೆಯ ಗೆಳತಿಯರೇ, ಹೋದ ಕೂಡಲೇ ಹಿಂದಿನ ವರ್ಷದ ನವೆಂಬರಿನಿಂದ ಫೆಬ್ರುವರಿವರೆಗಿನ ಹಾಜರಿ ಕೇಳಿ ನೋಡಿ. ಯಾರ ಹೆಸರಿನ ಮುಂದೆ ಗೈರು ಹೆಚ್ಚಿದೆಯೋ ಬರೆದುಕೊಳ್ಳಿ. ಆ ಮಕ್ಕಳು ತಪ್ಪಿಸಿಕೊಂಡ ಪಾಠ ಯಾವುದೆಂದು ತರಗತಿ ಶಿಕ್ಷಕರನ್ನು ಕೇಳಿ, ನಿಮ್ಮ ಮೊದಲ ಪಾಠ ಯೋಜನೆಯನ್ನು ಅಲ್ಲಿಂದಲೇ ಬರೆಯಿರಿ.

ನಮಸ್ಕಾರ.