ಮೈಯೊಳಗಿನ ಒಕ್ಕಲು

ಎಲ್ಲರಿಗೂ ನಮಸ್ಕಾರ.

ಒಂದು ಕಾಗದದಿಂದ ಶುರು ಮಾಡುತ್ತೇನೆ. ಅದು ಮೂತ್ರದ ಕಲ್ಚರ್ ರಿಪೋರ್ಟು, ಅಂದರೆ ಮೂತ್ರದಲ್ಲಿ ಯಾವ ಬ್ಯಾಕ್ಟೀರಿಯಾ ಬೆಳೆಯುತ್ತದೆ ಎಂದು ನೋಡಿದ ಪರೀಕ್ಷೆಯ ಫಲಿತಾಂಶ. ಹುಟ್ಟಿನಿಂದಲೇ ಬೆನ್ನುಹುರಿಯ ತೊಂದರೆಯಿದ್ದ ಏಳು ವರ್ಷದ ಹುಡುಗಿಯದು. ಇಂಥ ಮಕ್ಕಳಲ್ಲಿ ಮೂತ್ರಕೋಶ ತಾನಾಗಿ ಖಾಲಿಯಾಗುವುದಿಲ್ಲ, ದಿನಕ್ಕೆ ನಾಲ್ಕೈದು ಸಲ ಸಣ್ಣ ನಳಿಕೆ ತೂರಿಸಿ ಮೂತ್ರ ತೆಗೆಯಬೇಕು. ಮನೆಯಲ್ಲಿ ಆ ಕೆಲಸ ಮಾಡುತ್ತಿದ್ದವರು ಅವಳ ತಂದೆ. ರಿಪೋರ್ಟಿನಲ್ಲಿ ದಪ್ಪಕ್ಷರದಲ್ಲಿ ‘ಇ. ಕೋಲೈ’ ಎಂದಿತ್ತು, ಪಕ್ಕದಲ್ಲಿ ಒಂದು ಲಕ್ಷಕ್ಕೂ ಮಿಕ್ಕಿದ ಎಣಿಕೆ, ಕೆಳಗೆ ಯಾವ ಔಷಧಕ್ಕೆ ಅದು ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ ಎಂಬ ಉದ್ದನೆಯ ಪಟ್ಟಿ. ಹುಡುಗಿ ಮಾತ್ರ ಮೇಜಿನ ಮೇಲಿದ್ದ ನನ್ನ ಸ್ಟೆತಾಸ್ಕೋಪ್ ಎತ್ತಿಕೊಂಡು ತನ್ನ ಗೊಂಬೆಯ ಎದೆಬಡಿತ ಕೇಳುತ್ತಿದ್ದಳು. ಜ್ವರವಿಲ್ಲ, ನೋವಿಲ್ಲ, ಊಟ ನಿದ್ದೆ ಎಲ್ಲ ಚೆನ್ನಾಗಿದೆ.

“ಡಾಕ್ಟ್ರೇ, ಇನ್ಫೆಕ್ಷನ್ ಇದೆಯಲ್ಲ, ಯಾವ ಔಷಧಿ ಬರೀತೀರಿ?” ಎಂದು ಕೇಳಿದರು ತಂದೆ.

“ಯಾವುದೂ ಬೇಡ” ಎಂದೆ.

ಅವರು ರಿಪೋರ್ಟನ್ನು ಮತ್ತೊಮ್ಮೆ ನನ್ನ ಕಡೆ ತಳ್ಳಿದರು, ನಾನು ಸರಿಯಾಗಿ ಓದಿಲ್ಲವೇನೋ ಎಂಬಂತೆ. ಇವತ್ತು ಇಲ್ಲಿ ನಾನು ಹೇಳಬೇಕೆಂದಿರುವುದೆಲ್ಲ ಅವರಿಗೆ ಅಂದು ಹದಿನೈದು ನಿಮಿಷದಲ್ಲಿ ಹೇಳಲು ಹೆಣಗಿದ ಸಂಗತಿಯೇ.

ಇ. ಕೋಲೈ ಎಂಬ ಈ ಬ್ಯಾಕ್ಟೀರಿಯಾ ನಮ್ಮ ಕರುಳಿನ ಹಳೆಯ ಒಕ್ಕಲು. ಅದನ್ನು ಮೊದಲು ವಿವರಿಸಿದವರೂ ಮಕ್ಕಳ ವೈದ್ಯರೇ, ಥಿಯೊಡೋರ್ ಎಷೆರಿಶ್. 1885ರಲ್ಲಿ ಅವರಿಗೆ ಅದು ಸಿಕ್ಕಿದ್ದು ಎಳೆಗೂಸುಗಳ ಮಲದಲ್ಲಿ. ಚರ್ಮ, ಬಾಯಿ, ಮೂಗು, ಕರುಳು, ಎಲ್ಲೆಡೆ ಇಂಥ ಜೀವಿಗಳು ನೆಲೆಸಿವೆ. ಈ ಇಡೀ ಸಂಸಾರಕ್ಕೆ ಮೈಕ್ರೋಬಯೋಮ್ ಎನ್ನುತ್ತೇವೆ. ನಮ್ಮ ಒಂದು ಜೀವಕೋಶಕ್ಕೆ ಹತ್ತು ಬ್ಯಾಕ್ಟೀರಿಯಾ ಎಂಬ ಮಾತನ್ನು ನೀವು ಕೇಳಿರುತ್ತೀರಿ. ನಾನೂ ಹಿಂದೆ ವೇದಿಕೆಗಳ ಮೇಲೆ ಅದನ್ನೇ ಹೇಳಿದ್ದೇನೆ, ಅದು ತಪ್ಪು. 2016ರಲ್ಲಿ ರಾನ್ ಮಿಲೋ ಮತ್ತು ಸಂಗಡಿಗರು ಲೆಕ್ಕವನ್ನು ಮತ್ತೆ ಹಾಕಿದಾಗ, ಎಪ್ಪತ್ತು ಕಿಲೋ ತೂಕದ ವಯಸ್ಕನಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ, 30 ಲಕ್ಷ ಕೋಟಿ ಸ್ವಂತ ಜೀವಕೋಶ ಎಂದಾಯಿತು. ಹೆಚ್ಚುಕಡಿಮೆ ಸಮ. ಆ ಬ್ಯಾಕ್ಟೀರಿಯಾಗಳೆಲ್ಲ ಸೇರಿದರೂ ತೂಗುವುದು ಇನ್ನೂರು ಗ್ರಾಂ.

ಇವು ಬಾಡಿಗೆ ಕೊಡದ ಒಕ್ಕಲಲ್ಲ. ತಾಯಿಯ ಹಾಲಿನಲ್ಲಿ ಕೂಸಿಗೆ ಜೀರ್ಣವೇ ಆಗದ ಕೆಲವು ಸಕ್ಕರೆಗಳಿವೆ. ಕೂಸಿಗೆ ದಕ್ಕದ್ದನ್ನು ತಾಯಿಯ ಮೈ ಯಾಕೆ ತಯಾರಿಸಬೇಕು? ಅದು ಕರುಳಿನ ಬೈಫಿಡೋಬ್ಯಾಕ್ಟೀರಿಯಾಗಳಿಗಾಗಿ ಬಡಿಸಿದ್ದು. ಅವು ಉಂಡು ಆಮ್ಲ ಬಿಡುತ್ತವೆ, ಆ ಆಮ್ಲದಲ್ಲಿ ಕೇಡಿನ ಜೀವಿಗಳು ಬೇರೂರುವುದು ಕಷ್ಟ. ಖಾಲಿ ಜಾಗವೇ ಇಲ್ಲದ ಊರಿಗೆ ಹೊಸಬ ಬಂದು ಮನೆ ಕಟ್ಟುವುದೆಲ್ಲಿ? 1950-60ರ ದಶಕಗಳಲ್ಲಿ ಮಾರ್ಜರಿ ಬೋನ್‌ಹಾಫ್ ಮತ್ತು ಮಿಲ್ಲರ್ ಇದನ್ನು ಇಲಿಗಳ ಮೇಲೆ ತೋರಿಸಿಕೊಟ್ಟರು. ಸಾಮಾನ್ಯ ಇಲಿಗೆ ಸಾಲ್ಮೊನೆಲ್ಲಾ ಸೋಂಕು ತಗುಲಿಸಲು ಸುಮಾರು ಒಂದು ಲಕ್ಷ ಬ್ಯಾಕ್ಟೀರಿಯಾ ಬೇಕಾಗುತ್ತಿತ್ತು. ಮೊದಲೇ ಸ್ಟ್ರೆಪ್ಟೋಮೈಸಿನ್ ಎಂಬ ಆಂಟಿಬಯೋಟಿಕ್ ಕುಡಿಸಿದ್ದ ಇಲಿಗೆ ಹತ್ತೂ ಬೇಕಾಗಲಿಲ್ಲ. ಔಷಧ ಇಲಿಯನ್ನು ದುರ್ಬಲ ಮಾಡಿರಲಿಲ್ಲ, ಒಕ್ಕಲೆಬ್ಬಿಸಿತ್ತು ಅಷ್ಟೇ.

ಈಗ ದೀರ್ಘಕಾಲದ ಕಾಯಿಲೆಯಿರುವ ಮಕ್ಕಳ ವಿಷಯಕ್ಕೆ ಬರೋಣ. ಇವರಿಗೆ ತಗಲುವ ಸೋಂಕುಗಳಲ್ಲಿ ಬಹಳಷ್ಟು ಹೊರಗಿನಿಂದ ಬಂದವಲ್ಲ, ತಮ್ಮದೇ ಕರುಳಿನ, ತಮ್ಮದೇ ಚರ್ಮದ ಬ್ಯಾಕ್ಟೀರಿಯಾಗಳಿಂದ ಆದವು. ಆದ್ದರಿಂದ ನಾನು ಕಿರಿಯ ವೈದ್ಯರಿಗೆ ಹೇಳುವುದು: ಯಾರು ಬಂದರು ಎಂದು ಕೇಳುವ ಮೊದಲು ಯಾವ ಗೋಡೆ ಬಿತ್ತು ಎಂದು ಕೇಳಿ.

ರಕ್ತದ ಕ್ಯಾನ್ಸರಿನ ಮಗುವನ್ನು ತೆಗೆದುಕೊಳ್ಳಿ. ಕೀಮೋ ಹೊಡೆಯುವುದು ಬೇಗ ಬೇಗ ಬೆಳೆಯುವ ಕೋಶಗಳನ್ನು. ಕ್ಯಾನ್ಸರಿನ ಕೋಶ ಅಂಥದ್ದು, ಆದರೆ ಬಾಯಿಯ ಮತ್ತು ಕರುಳಿನ ಒಳಪದರವೂ ಅಂಥದ್ದೇ. ಬಾಯಿತುಂಬ ಹುಣ್ಣಾಗುತ್ತದೆ, ಎಂಜಲು ನುಂಗಲೂ ಮಗು ಅಳುತ್ತದೆ. ಬಾಯಿಯಲ್ಲಿ ನಮಗೆ ಕಾಣುವ ಆ ಹುಣ್ಣು ಕರುಳಿನುದ್ದಕ್ಕೂ ಕಾಣದಂತೆ ಆಗಿರಬಹುದು. ಅಷ್ಟು ದಿನ ಗೋಡೆಯ ಆಚೆ ತಮ್ಮ ಪಾಡಿಗಿದ್ದ ಇ. ಕೋಲೈ, ಕ್ಲೆಬ್ಸಿಯೆಲ್ಲಾ, ಬಾಯಿಯ ಸ್ಟ್ರೆಪ್ಟೋಕಾಕಸ್ ಆ ಬಿರುಕಿನಿಂದ ರಕ್ತಕ್ಕೆ ನುಗ್ಗುತ್ತವೆ. ಅದೇ ಹೊತ್ತಿಗೆ ಕಾವಲಿನ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳು ಒಂದು ಮೈಕ್ರೋಲೀಟರ್ ರಕ್ತದಲ್ಲಿ 500ಕ್ಕಿಂತ ಕೆಳಗಿಳಿದಿರುತ್ತವೆ. ಕೀವು ಎಂದರೆ ಮುಖ್ಯವಾಗಿ ನ್ಯೂಟ್ರೋಫಿಲ್‌ಗಳ ರಾಶಿ, ಅವೇ ಇಲ್ಲದಾಗ ಕೀವೂ ಇಲ್ಲ, ಬಾವೂ ಅಷ್ಟಾಗಿ ಇಲ್ಲ. ಎಷ್ಟೋ ಸಲ ಉಳಿಯುವ ಒಂದೇ ಸುಳಿವು ಜ್ವರ. ಈ ಮಗುವಿಗೆ ಯಾವ ಬ್ಯಾಕ್ಟೀರಿಯಾ ಎಂಬ ಹೆಸರು ಬರುವವರೆಗೆ ಕಾಯುವ ಹಾಗಿಲ್ಲ. ರಕ್ತವನ್ನು ಕಲ್ಚರ್‌ಗೆ ತೆಗೆದು, ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ನರಕ್ಕೆ ಹೋಗಬೇಕು.

ಇನ್ನೊಂದು ಬಾಗಿಲನ್ನು ನಾವೇ ತೆರೆದಿರುತ್ತೇವೆ. ಎದೆಯ ಬಳಿ ದೊಡ್ಡ ರಕ್ತನಾಳಕ್ಕೆ ಇಳಿಬಿಟ್ಟ ಸೆಂಟ್ರಲ್ ಲೈನ್. ವಾರ್ಡಿನಲ್ಲಿ ನುರಿತ ನರ್ಸ್ ಒಬ್ಬರನ್ನು ಗಮನಿಸಿ ನೋಡಿ. ಔಷಧ ಚುಚ್ಚುವ ಮೊದಲು ಆ ಪುಟ್ಟ ಮುಚ್ಚಳವನ್ನು ಸ್ಪಿರಿಟ್ ಹತ್ತಿಯಲ್ಲಿ ಹಿಡಿದು ನಿಂಬೆಹಣ್ಣು ಹಿಂಡಿದ ಹಾಗೆ ತಿರುಚಿ ತಿರುಚಿ ಉಜ್ಜುತ್ತಾರೆ, ಒಳಗೊಳಗೇ ಹದಿನೈದರವರೆಗೆ ಎಣಿಸುತ್ತಾರೆ, ಆಮೇಲೆ ಒಣಗಲು ಬಿಡುತ್ತಾರೆ. ಊದಿ ಒಣಗಿಸುವುದಿಲ್ಲ. ನಮ್ಮ ಉಸಿರಿನಲ್ಲೂ ಒಕ್ಕಲುಗಳಿವೆಯಲ್ಲ! ಚರ್ಮದ ಮೇಲೆ ಸಾಧುವಾಗಿರುವ ಸ್ಟೆಫೈಲೋಕಾಕಸ್ ಆ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಲೋಳೆಯ ಹೊದಿಕೆ ಹೊದ್ದುಕೊಂಡರೆ ಔಷಧಕ್ಕೂ ಸುಲಭವಾಗಿ ಬಗ್ಗದು, ಕೆಲವೊಮ್ಮೆ ಲೈನನ್ನೇ ಕಿತ್ತು ಹಾಕಬೇಕಾಗುತ್ತದೆ. ನನ್ನ ಮಟ್ಟಿಗೆ ಆ ಹದಿನೈದು ಸೆಕೆಂಡು ಎಷ್ಟೋ ದುಬಾರಿ ಔಷಧಗಳಿಗಿಂತ ದೊಡ್ಡದು.

ಕುಡಗೋಲು ಕಣದ (ಸಿಕಲ್ ಸೆಲ್) ರಕ್ತಹೀನತೆಯಲ್ಲಿ, ರಕ್ತದಿಂದ ಬ್ಯಾಕ್ಟೀರಿಯಾ ಸೋಸುವ ಗುಲ್ಮ ಎಳವೆಯಲ್ಲೇ ಕೆಲಸ ನಿಲ್ಲಿಸುತ್ತದೆ. ಆಗ ಎಷ್ಟೋ ಮಕ್ಕಳ ಮೂಗುಗಂಟಲಿನಲ್ಲಿ ಸುಮ್ಮನೆ ಇರುವ ನ್ಯೂಮೋಕಾಕಸ್ ಎಂಬ ಬ್ಯಾಕ್ಟೀರಿಯಾ ಕೂಡ ಗಂಟೆಗಳಲ್ಲಿ ಜೀವಕ್ಕೆ ಎರವಾಗಬಲ್ಲದು. 1986ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ದಿನಕ್ಕೆರಡು ಸಲ ಬಾಯಿಗೆ ಕೊಟ್ಟ ಪೆನಿಸಿಲಿನ್ ಈ ಸೋಂಕನ್ನು ಶೇ. 84ರಷ್ಟು ಇಳಿಸಿತು, ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ನೆಫ್ರೋಟಿಕ್ ಸಿಂಡ್ರೋಮ್ ಎಂಬ ಮೂತ್ರಪಿಂಡದ ಕಾಯಿಲೆಯಲ್ಲಿ ರಕ್ಷಣೆಯ ಪ್ರೋಟೀನುಗಳು ಮೂತ್ರದಲ್ಲಿ ಸೋರಿಹೋಗಿ, ನೀರು ತುಂಬಿದ ಹೊಟ್ಟೆಯಲ್ಲಿ ಇದೇ ನ್ಯೂಮೋಕಾಕಸ್ ಬೆಳೆಯುವುದುಂಟು. ಈ ಇಬ್ಬರಿಗೂ ಲಸಿಕೆ ತಪ್ಪಿಸಲೇಬಾರದು.

ಹಾಗಾದರೆ ಲಕ್ಷಣವಿದ್ದರೆ ಔಷಧ, ಇಲ್ಲದಿದ್ದರೆ ಬೇಡ, ಅಷ್ಟೇ ತಾನೆ ಎನ್ನಬೇಡಿ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ಕಾಯಿಲೆ ಆ ಸೂತ್ರವನ್ನು ಬುಡಮೇಲು ಮಾಡುತ್ತದೆ. ಇದರ ಹಿಂದಿನ ಸಿಎಫ್‌ಟಿಆರ್ ವಂಶವಾಹಿ ಪತ್ತೆಯಾದದ್ದು 1989ರಲ್ಲಿ. ಕೋಶದಲ್ಲಿ ಉಪ್ಪು ಹಾಯುವ ದಾರಿ ಕೆಟ್ಟು, ಶ್ವಾಸಕೋಶದ ಲೋಳೆ ಅಂಟಿನಂತೆ ಗಟ್ಟಿಯಾಗುತ್ತದೆ, ಬ್ಯಾಕ್ಟೀರಿಯಾವನ್ನು ಗುಡಿಸಿ ಹೊರಹಾಕಲಾಗುವುದಿಲ್ಲ. ಎಳವೆಯಲ್ಲಿ ಹೆಚ್ಚಾಗಿ ಸ್ಟೆಫೈಲೋಕಾಕಸ್, ವರ್ಷಗಳು ಕಳೆದಂತೆ ಸ್ಯೂಡೊಮೊನಾಸ್. ಮಣ್ಣು ನೀರಿನಲ್ಲಿ ಬದುಕುವ ಈ ಜೀವಿ ಅಲ್ಲಿ ಒಮ್ಮೆ ಬೇರುಬಿಟ್ಟು ಲೋಳೆಗೂಡು ಕಟ್ಟಿತೆಂದರೆ ಎಬ್ಬಿಸುವುದು ಹೆಚ್ಚುಕಡಿಮೆ ಅಸಾಧ್ಯ. ಅದಕ್ಕೇ ಕಫದಲ್ಲೋ ಗಂಟಲಿನ ಸ್ವಾಬ್‌ನಲ್ಲೋ ಅದು ಮೊದಲ ಸಲ ಕಂಡಾಗ, ಮಗು ಆಟವಾಡಿಕೊಂಡು ಚೆನ್ನಾಗಿಯೇ ಇದ್ದರೂ, 28 ದಿನ ಟೋಬ್ರಮೈಸಿನ್ ಎಂಬ ಆಂಟಿಬಯೋಟಿಕ್ ಅನ್ನು ಉಸಿರಿನ ಮೂಲಕ ಕೊಡುತ್ತೇವೆ. ಒಬ್ಬರಿಂದೊಬ್ಬರಿಗೆ ಹರಡಬಾರದೆಂದು ಈ ಮಕ್ಕಳು ಪರಸ್ಪರ ಎರಡು ಮೀಟರ್ ದೂರವಿರಬೇಕು. ತನ್ನ ಕಷ್ಟ ಪೂರ್ತಿ ಅರ್ಥವಾಗಬಲ್ಲ ಇನ್ನೊಂದು ಮಗುವಿನ ಪಕ್ಕ ಕೂರುವ ಹಾಗಿಲ್ಲ ಎಂದು ಹತ್ತು ವರ್ಷದವನಿಗೆ ಹೇಳುವುದು ನನಗೆ ಇಂದಿಗೂ ಕಷ್ಟದ ಕೆಲಸ.

ಪ್ರೋಬಯೋಟಿಕ್, ಅಂದರೆ ಒಳ್ಳೆಯದೆಂದು ಬಾಯಿಗೆ ಕೊಡುವ ಜೀವಂತ ಬ್ಯಾಕ್ಟೀರಿಯಾ, ಕೊಡಬಹುದೇ ಎಂಬ ಪ್ರಶ್ನೆ ಬಂದೇ ಬರುತ್ತದೆ, ನಾನೇ ಎತ್ತಿಕೊಳ್ಳುತ್ತೇನೆ. ‘ಒಳ್ಳೆಯ ಬ್ಯಾಕ್ಟೀರಿಯಾ’ ಎಂಬ ಮಾತೇ ನನಗೆ ಅಷ್ಟು ಹಿಡಿಸದು. ಶಸ್ತ್ರಚಿಕಿತ್ಸೆಯಲ್ಲಿ ಕರುಳಿನ ಬಹುಭಾಗ ಕಳೆದುಕೊಂಡ ಮಗುವಿನಲ್ಲಿ, ಜೀರ್ಣವಾಗದ ಸಕ್ಕರೆ ದೊಡ್ಡ ಕರುಳಿಗೆ ಇಳಿದು ಲ್ಯಾಕ್ಟೋಬ್ಯಾಸಿಲಸ್ ಮಿತಿಮೀರಿ ಬೆಳೆಯಬಹುದು. ಅದು ತಯಾರಿಸುವ ಡಿ-ಲ್ಯಾಕ್ಟಿಕ್ ಆಮ್ಲ ರಕ್ತಕ್ಕೆ ಸೇರಿದಾಗ ಮಗು ಕುಡಿದವರಂತೆ ತೊದಲುತ್ತದೆ, ತೂರಾಡುತ್ತದೆ. ಡಬ್ಬದ ಮೇಲೆ ನಗುಮುಖದ ಚಿತ್ರದೊಂದಿಗೆ ಬರುವ ಅದೇ ಲ್ಯಾಕ್ಟೋಬ್ಯಾಸಿಲಸ್! ಸೆಂಟ್ರಲ್ ಲೈನ್ ಇರುವ ಮಕ್ಕಳಲ್ಲಿ ಪ್ರೋಬಯೋಟಿಕ್ ಪುಡಿಯ ಬ್ಯಾಕ್ಟೀರಿಯಾವೇ ರಕ್ತದಲ್ಲಿ ಕಾಣಿಸಿಕೊಂಡದ್ದುಂಟು. ಅವಧಿಗೆ ಮೊದಲು ಹುಟ್ಟಿದ ಕೂಸುಗಳ ವಿಚಾರದಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರಲ್ಲಿ ಎಚ್ಚರಿಕೆ ಕೊಟ್ಟಿತು. ಎಲ್ಲರಿಗೂ ಬೇಡ ಎನ್ನುತ್ತಿಲ್ಲ, ನಿಮ್ಮ ಮಗುವಿನ ವೈದ್ಯರನ್ನು ಕೇಳದೆ ಬೇಡ.

ಆ ಹುಡುಗಿಯ ವಿಷಯಕ್ಕೆ ಮರಳುತ್ತೇನೆ. ನಳಿಕೆ ಬಳಸುವ ಮಕ್ಕಳಲ್ಲಿ ಬಹುಪಾಲು ಎಲ್ಲರ ಮೂತ್ರದಲ್ಲೂ ಒಂದಲ್ಲ ಒಂದು ಹೊತ್ತಿನಲ್ಲಿ ಬ್ಯಾಕ್ಟೀರಿಯಾ ಸಿಗುತ್ತದೆ. ಸಿಕ್ಕಾಗಲೆಲ್ಲ ಹೊಡೆಯುತ್ತ ಹೋದರೆ ಸಾಧುಗಳು ಸತ್ತು, ಔಷಧಕ್ಕೆ ಬಗ್ಗದವು ಬಂದು ಕೂರುತ್ತವೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಇದನ್ನೆಲ್ಲ ತಂದೆಗೆ ಹೇಳಿ, ರಿಪೋರ್ಟಿನ ಹಿಂಬದಿಯಲ್ಲಿ ಬರೆದುಕೊಟ್ಟೆ: ಜ್ವರ, ಬೆನ್ನಿನ ಪಕ್ಕ ಅಥವಾ ಹೊಟ್ಟೆ ನೋವು, ವಾಂತಿ, ಎಂದೂ ಇಲ್ಲದಂತೆ ನಡುನಡುವೆ ಮೂತ್ರ ಸೋರುವುದು. ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಬನ್ನಿ.

ಅವರು ಒಲ್ಲದ ಮನಸ್ಸಿನಿಂದಲೇ ಹೋದರು. ಕೆಲವು ತಿಂಗಳ ಮೇಲೆ ಒಂದು ರಾತ್ರಿ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ಬಂದರು. ಮೈ ಕೆಂಡ, ಎರಡು ಸಲ ವಾಂತಿ, ಗೊಂಬೆ ಬೇಡವಾಗಿತ್ತು. ಮೂತ್ರವನ್ನು ಕಲ್ಚರ್‌ಗೆ ಕಳಿಸಿ, ಆ ಕ್ಷಣವೇ ಆಂಟಿಬಯೋಟಿಕ್ ಶುರು ಮಾಡಿದೆವು. ಎರಡು ದಿನದ ಮೇಲೆ ರಿಪೋರ್ಟು ಬಂತು. ತಂದೆ ಹಳೆಯದನ್ನೂ ಜೇಬಿನಿಂದ ತೆಗೆದು ಅದರ ಪಕ್ಕ ಹರಡಿಟ್ಟರು. ಎರಡರಲ್ಲೂ ಅದೇ ದಪ್ಪಕ್ಷರ, ಅದೇ ಇ. ಕೋಲೈ, ಅದೇ ಎಣಿಕೆ. ಮಂಚದ ಮೇಲೆ ಜ್ವರ ಇಳಿದು ಎದ್ದು ಕೂತಿದ್ದ ಹುಡುಗಿ ನನ್ನ ಸ್ಟೆತಾಸ್ಕೋಪಿಗೆ ಕೈ ಚಾಚುತ್ತಿದ್ದಳು.